ದೋನ್ಯಾ ಕ್ಲೋತಿಲ್ದೆಯ ಸೊನ್ನೆಗಳು

ಉಕಯಾಲಿ ನದಿಯುದ್ದದ ಹದಿನಾಲ್ಕು ಊರುಗಳಿಂದ ಪ್ರತಿ ಸೋಮವಾರ ಬೆಳಿಗ್ಗೆ ರೇಡಿಯೋದಲ್ಲಿ ಕಾಯಿಲೆಯ ಲೆಕ್ಕ ಬರೆದುಕೊಳ್ಳುವುದು ನರ್ಸಾದ ನನ್ನ ಕೆಲಸ. ಹನ್ನೊಂದು ವರ್ಷ ಒಂದು ವಾರವೂ ತಪ್ಪದೆ ಲೆಕ್ಕ ಕೊಟ್ಟವರು ಸೊಲೆದಾದ್ ಊರಿನ ದೋನ್ಯಾ, ಅಂದರೆ ಅಮ್ಮನವರು, ಕ್ಲೋತಿಲ್ದೆ. ಸೂಲಗಿತ್ತಿ, ಅಕ್ಷರ ಬಲ್ಲವರು, ಬಾಯಿ ಜೋರು. ಜ್ವರ ಇಷ್ಟು, ಭೇದಿ ಇಷ್ಟು ಎಂದು ಹೇಳಿ ಕೊನೆಗೆ, "ಕೂಸುಗಳ ಧನುರ್ವಾಯು ಸೊನ್ನೆ. ಬರಕೊಂಡ್ಯಾ, ನಿದ್ದೆ ಹೊಡೀತಿದೀಯಾ?" ಎನ್ನುತ್ತಿದ್ದರು.

ಆ ಸೊನ್ನೆಗಳನ್ನು ನಂಬಿಯೇ ಧನುರ್ವಾಯು ಲಸಿಕೆಯ ದೋಣಿ ಆ ಊರಿಗೆ ಹೋಗುವುದನ್ನು ನಿಲ್ಲಿಸಿದ್ದೆವು. ಲಸಿಕೆ ಕಡಿಮೆ, ಊರು ಹೆಚ್ಚು. ಕಾಯಿಲೆ ಇದ್ದ ಕಡೆಗೆ ಮೊದಲು. ಪಟ್ಟಿಯಲ್ಲಿ ಸೊಲೆದಾದ್ ಮೇಲೆ ಗೆರೆ ಎಳೆದ ಕೈ ನನ್ನದೇ.

ಕಳೆದ ಜೂನ್‌ನಲ್ಲಿ ಅವರಿಗೊಂದು ಪ್ರಶಸ್ತಿಪತ್ರ ಹಿಡಿದು ಹೋದೆ. ಅವರ ಮಗಳು ಎಲ್ವಿರಾ, ಏಳು ತಿಂಗಳ ಬಸುರಿ, ಹುರಿದ ಬಾಳೆಕಾಯಿ ತಂದಿಟ್ಟಳು. "ಚೊಚ್ಚಲಾ?" ಎಂದೆ.

"ಮೂರನೇದು. ಮೊದಲಿನ ಎರಡೂ ಏಳನೇ ದಿನಕ್ಕೇ ಹೋದ್ವು. ಬಾಯಿ ಕಟ್ಟಿ, ಮೊಲೆ ಹಿಡೀದೆ, ಮೈ ಬಿಲ್ಲಿನಂಗೆ ಸೆಟೆದು."

ತಟ್ಟೆ ಕೆಳಗಿಟ್ಟೆ. ಇದು ಧನುರ್ವಾಯು ಎನ್ನಲು ಡಾಕ್ಟರೇ ಬರಬೇಕೆ?

"ದೋನ್ಯಾ, ಊರಲ್ಲಿ ಇಂಥವು ಎಷ್ಟಾಗಿವೆ?"

ಅವರು ಬೆರಳು ಮಡಿಸಿದರು. "ನನ್ನ ಕೈಲಿ ಹುಟ್ಟಿ ಹಿಂಗೆ ಹೋಗಿದ್ದು ಒಂಬತ್ತು."

"ಒಂಬತ್ತಾ! ಹನ್ನೊಂದು ವರ್ಷ ಸೊನ್ನೆ ಸೊನ್ನೆ ಅಂದ್ರಲ್ರೀ ನನಗೆ!"

"ನನ್ನ ಮೇಲ್ಯಾಕೆ ಹಾರಾಡ್ತೀಯೇ? ಪಾದ್ರಿ ಬರೋದು ವರ್ಷಕ್ಕೊಂದು ಸಲ. ಜ್ಞಾನಸ್ನಾನ ಆಗದೆ ನಾವು ಹೆಸರಿಡಲ್ಲ. ಹೆಸರಿಲ್ಲದ್ದನ್ನ ಬರೀಬೇಡ, ಅದು ಬರೀ ಗಾಳಿಮಾತು ಅಂತ ನೀನೇ ಹೇಳಿಕೊಟ್ಟೆ. ನಿನ್ನ ಹಾಳೇಲಿ ಮೊದಲನೇ ಜಾಗ ಹೆಸರಿಂದೇ ಅಲ್ವಾ?"

ಹೌದು, ನಾನೇ ಹೇಳಿದ್ದೆ. ತರಬೇತಿಯ ಮೊದಲ ದಿನ, ಮೇಜು ಕುಟ್ಟಿ ಹೇಳಿದ್ದೆ. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಭಯ, ಎಲ್ವಿರಾಳ ಹೊಟ್ಟೆ ಕಣ್ಣೆದುರೇ ಇತ್ತಲ್ಲ. ಪ್ರಶಸ್ತಿಪತ್ರವನ್ನು ಚೀಲದಿಂದ ತೆಗೆಯಲೇ ಇಲ್ಲ.

ಆ ವಾರವೇ ಲಸಿಕೆ ತಂದು ಊರಿನ ಹೆಂಗಸರಿಗೆಲ್ಲ ಚುಚ್ಚಿದೆ, ನಾಲ್ಕು ವಾರ ಬಿಟ್ಟು ಇನ್ನೊಮ್ಮೆ; ತಾಯಿಗೆ ಚುಚ್ಚಿದರೆ ಹುಟ್ಟುವ ಕೂಸಿಗೂ ಕಾವಲು. ಬಿದಿರ ಸೀಳಿನಲ್ಲಿ ಹೊಕ್ಕುಳಬಳ್ಳಿ ಕೊಯ್ಯುವುದನ್ನು ಬಿಡಿಸಿ ಹೊಸ ಬ್ಲೇಡು ಕೊಟ್ಟೆ. ಹಾಳೆಯಲ್ಲಿ ಒಂಬತ್ತು ಸಾಲು ತುಂಬಿದೆ. ಹೆಸರಿನ ಜಾಗದಲ್ಲಿ ತಾಯಂದಿರ ಹೆಸರು. ಎಲ್ವಿರಾಳ ಹೆಸರನ್ನು ಎರಡು ಸಲ ಬರೆದೆ.

ಆಗಸ್ಟ್‌ನಲ್ಲಿ ಅವಳಿಗೆ ಹೆಣ್ಣಾಯಿತು. ಹನ್ನೆರಡನೇ ದಿನ ಸೋಮವಾರ.

"ಕೂಸುಗಳ ಧನುರ್ವಾಯು ಸೊನ್ನೆ," ಎಂದರು ದೋನ್ಯಾ ರೇಡಿಯೋದಲ್ಲಿ.

ನನಗೆ ಬರೆಯಲಾಗಲಿಲ್ಲ. "ಎಲ್ವಿರಾ ಕೂಸೆಲ್ಲಿ?"

"ಮೊಲೆ ಕಚ್ಚಿಕೊಂಡಿದೆ. ಸೊನ್ನೆ ಅಂದ್ನಲ್ಲ!"

"ಕೂಸನ್ನ ಒಂಚೂರು ಅಳಿಸ್ರಿ ದೋನ್ಯಾ. ನಾನು ಕೇಳಿಸ್ಕೋಬೇಕು."

"ಹುಚ್ಚು ಮುಂಡೇದೇ!" ಎಂದು ಬೈದರು. ರೇಡಿಯೋ ಗರಗರ ಎಂದಿತು. ಆಮೇಲೆ ಕೂಸು ಬಾಯಿ ಪೂರ್ತಿ ತೆರೆದು ಕಿರುಚಿತು.

ಆಗ ಸೊನ್ನೆ ಬರೆದೆ.