ಸಂಜೆಗೆ ಸರಿಹೋಗುತ್ತಿದ್ದ ಕಾಲು

ನನ್ನ ತಂಗಿ ಭಾಗ್ಯಳ ಕಾಯಿಲೆಯನ್ನು ನಾನು ಒಂದು ವರ್ಷ ನಂಬಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ. ನಾಲ್ಕು ಜನರ ಮುಂದೆ ಅವಳನ್ನು ಮೈಗಳ್ಳಿ ಅಂದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಬರೆಯೋಣ ಅಂದರೆ ಕೈ ಬರುವುದಿಲ್ಲ.

ಅಮ್ಮ ತೀರಿಕೊಂಡ ಮೇಲೆ ಭಾಗ್ಯ ದೊಡ್ಡೇರಿಯ ಹತ್ತಿರದ ನಮ್ಮ ಮನೆಯಲ್ಲೇ ಇದ್ದಳು. ಮೊದಲು ಅವಳ ಬಲಗಣ್ಣು ಮಂಜಾಯಿತು. ತಿಂಗಳಲ್ಲಿ ತಾನಾಗಿಯೇ ಸರಿಹೋಯಿತು. ಆಮೇಲೆ ಕಾಲು. "ಅಕ್ಕಾ, ಹತ್ತಿ ಮೇಲೆ ನಡೆದಂಗೆ ಆಗ್ತೈತೆ" ಅನ್ನುತ್ತಿದ್ದಳು. ನೋಡಿದರೆ ಊತವಿಲ್ಲ, ಗಾಯವಿಲ್ಲ, ಜ್ವರವಿಲ್ಲ. ಬಿಸಿಲೇರಿದಾಗ ಕಾಲೆಳೆಯುವವಳು ಸಂಜೆಯ ಹೊತ್ತಿಗೆ ಚೆನ್ನಾಗಿ ನಡೆಯುತ್ತಿದ್ದಳು. ನಾನು ಅದನ್ನೇ ಹಿಡಿದುಕೊಂಡೆ. ಕೆಲಸ ಇದ್ದಾಗ ಬರುತ್ತದೆ, ಮುಗಿದಾಗ ಹೋಗುತ್ತದೆ. ಇದ್ಯಾವ ಕಾಯಿಲೆ?

ನಮ್ಮ ಕಡೆ ಕಡ್ಲೆಕಾಯಿ ಕೀಳುವ ಕಾಲಕ್ಕೆ ಮುಯ್ಯಾಳು ಹೋಗುತ್ತೇವೆ. ಅವರು ನಮ್ಮ ಹೊಲಕ್ಕೆ ಬಂದರೆ ನಾವು ಅವರ ಹೊಲಕ್ಕೆ ಹೋಗಬೇಕು. ಕೂಲಿ ಇಲ್ಲ, ಮಾತು ಅಷ್ಟೆ. ಆ ಮಾತು ತಪ್ಪಿದರೆ ಮುಂದಿನ ವರ್ಷ ನಮ್ಮ ಹೊಲಕ್ಕೆ ಯಾರೂ ಕಾಲಿಡುವುದಿಲ್ಲ. ಪಕ್ಕದ ಮನೆಯ ರತ್ನಕ್ಕನ ಹೊಲಕ್ಕೆ ನಾವಿಬ್ಬರೂ ಹೋದ ದಿನ, ಭಾಗ್ಯ ಹತ್ತು ಗಂಟೆಗೇ ಬೇವಿನ ಮರದ ಕೆಳಗೆ ಕುಳಿತುಬಿಟ್ಟಳು.

"ಏನಮ್ಮ, ನಿನ್ ತಂಗಿ ಮುಯ್ಯಿಗೆ ಬಂದವ್ಳೋ, ಬೀಗ್ರೂಟಕ್ಕೆ ಬಂದವ್ಳೋ?" ಎಂದಳು ರತ್ನಕ್ಕ. ಹೆಂಗಸರೆಲ್ಲ ನಕ್ಕರು.

ನನ್ನ ಮುಖ ಉರಿಯಿತು. "ಕಾಯ್ಲೆನೂ ಇಲ್ಲ, ಕಸಾಲೆನೂ ಇಲ್ಲ. ಮೈಗಳ್ಳಿ! ಏಳೇ ಮೇಲಕ್ಕೆ!" ಎಂದು ರಟ್ಟೆ ಹಿಡಿದು ಎಬ್ಬಿಸಿದೆ. ಬಿಸಿಲಿನ ಸಾಲಿಗೆ ತಂದು ನಿಲ್ಲಿಸಿದೆ.

ಅವಳು ಎದುರು ಮಾತಾಡಲಿಲ್ಲ. ಮಧ್ಯಾಹ್ನದವರೆಗೂ ಗಿಡ ಕಿತ್ತಳು.

ಆಮೇಲೆ ಬಿದ್ದಳು.

ಉಚ್ಚೆ ಹೋಗಿ ಸೀರೆ ಒದ್ದೆಯಾಗಿತ್ತು. ಅದು ಅವಳಿಗೇ ಗೊತ್ತಾಗಿರಲಿಲ್ಲ.

ಮಧುಗಿರಿ ಆಸ್ಪತ್ರೆಗೆ ಒಯ್ದೆವು. ಅಲ್ಲಿಂದ ತುಮಕೂರಿಗೆ ಕಳಿಸಿದರು. ಎಂಆರ್‌ಐ ಆಯಿತು. ಬೆನ್ನಿನಿಂದ ನೀರು ತೆಗೆದರು. ನರದ ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಏಳನೇ ಕ್ಲಾಸು ಓದಿದ ನನಗೆ ಅದು ಬಾಯಿಗೂ ಬರಲಿಲ್ಲ. ವೈರಿನ ಮೇಲಿನ ಪ್ಲಾಸ್ಟಿಕ್ ಅಲ್ಲಲ್ಲಿ ಸುಲಿದುಹೋದ ಹಾಗೆ ನರದ ಹೊದಿಕೆ ಹೋಗಿದೆ ಎಂದು ಬಿಡಿಸಿ ಹೇಳಿದರು.

"ಬಿಸಿಲಲ್ಲಿ ಜಾಸ್ತಿ ಆಗ್ತಿತ್ತಾ?"

"ಹೂಂ ಸಾರ್. ತಂಪೊತ್ತಿಗೆ ಸರಿಹೋಗೋದು."

"ಈ ಕಾಯಿಲೆಯಲ್ಲಿ ಹಾಗೇ ಆಗೋದಮ್ಮ."

ಯಾವುದನ್ನು ನಾನು ಅವಳ ಸುಳ್ಳು ಅಂದುಕೊಂಡಿದ್ದೆನೋ, ಅದೇ ಅವಳ ಕಾಯಿಲೆಯ ಗುರುತಾಗಿತ್ತು.

ಸ್ಟೀರಾಯ್ಡ್ ಡ್ರಿಪ್ ಹಾಕಿದ ಮೇಲೆ ಕಾಲಿಗೆ ಬಲ ಬಂತು. ಪೂರ್ತಿ ಬರಲಿಲ್ಲ. ಮಾತ್ರೆ ನಡೆಯುತ್ತಿದೆ. ಒಂದು ದಿನ ಕೋಲು ಬೇಕು, ಒಂದು ದಿನ ಬೇಡ. ನೋಡಿದವರಿಗೆ ಅವಳು ನನಗಿಂತ ಗಟ್ಟಿಮುಟ್ಟಾಗಿ ಕಾಣುತ್ತಾಳೆ.

"ಕಾಲು ಕಿತ್ತು ಕೈಲಿ ಹಿಡ್ಕೊಂಡು ಬಂದಿದ್ರೆ ನಂಬ್ತಿದ್ದೇನಕ್ಕ?" ಎಂದು ಒಂದು ದಿನ ನಗುತ್ತಲೇ ಕೇಳಿದಳು. ನಾನು ಪಾತ್ರೆ ತೊಳೆಯುವ ನೆಪ ಮಾಡಿ ಎದ್ದುಹೋದೆ. ತಪ್ಪಾಯಿತು ಅನ್ನುವ ಬದಲು ಅವಳ ಬಟ್ಟೆ ಒಗೆದೆ, ತಟ್ಟೆ ಅವಳಿದ್ದಲ್ಲಿಗೇ ತಂದುಕೊಟ್ಟೆ. ಕೆಲಸ ಮಾಡುವುದು ಸುಲಭ. ಬಾಯಿ ಬಿಡುವುದೇ ಕಷ್ಟ.

ಹೋದ ತಿಂಗಳು ಅಂಗವಿಕಲರ ಕಾರ್ಡಿಗೆಂದು ಮಧುಗಿರಿಗೆ ಹೋಗಿದ್ದೆವು. ಉದ್ದ ಸಾಲು. ಭಾಗ್ಯ ಬೆಂಚಿನ ಮೇಲೆ ಕುಳಿತಿದ್ದಳು. ಅವತ್ತು ಕೋಲು ತಂದಿರಲಿಲ್ಲ. ಊರುಗೋಲು ಹಿಡಿದು ನಿಂತಿದ್ದ ಒಬ್ಬ ಅಜ್ಜಿ ಅವಳನ್ನೇ ನೋಡಿ, "ಕೈಕಾಲು ನೆಟ್ಟಗವೆ. ನಮ್ಮಂಥೋರ್ಗೆ ಕೊಡೋದ್ನ ಕೇಳೋಕೆ ಇಂಥೋರೂ ಬಂದ್ಬುಡ್ತಾರೆ" ಎಂದಳು.

ಭಾಗ್ಯ ತಲೆ ತಗ್ಗಿಸಿದಳು. ಒಂದು ಮಾತೂ ಆಡದೆ ಜಾಗ ಬಿಟ್ಟುಕೊಡಲು ಏಳತೊಡಗಿದಳು. ಆ ಮೌನ ನನಗೆ ಗೊತ್ತಿತ್ತು. ಅದನ್ನು ಅವಳಿಗೆ ಕಲಿಸಿದವಳು ನಾನೇ.

"ಅವ್ಳಿಗೆ ನರದ ಕಾಯ್ಲೆ ಕಣಜ್ಜಿ, ಮೇಲ್ಗಡೆ ಕಾಣಲ್ಲ" ಎಂದೆ. "ನಿನ್ನನ್ನೇನು ಅನ್ಲಿ? ಒಡಹುಟ್ಟಿದೋಳು ನಾನೇ ನಂಬ್ಲಿಲ್ಲ. ಮೈಗಳ್ಳಿ ಅಂತ ಬಿಸಿಲಿಗೆ ಎಳ್ಕೊಂಡೋದೆ."

ಸಾಲೆಲ್ಲ ನಮ್ಮ ಕಡೆ ತಿರುಗಿತು. ಭಾಗ್ಯ ನನ್ನ ಸೆರಗು ಎಳೆದಳು. "ಸುಮ್ಕಿರಕ್ಕ, ಎಲ್ರೂ ನೋಡ್ತಾವ್ರೆ."

"ನೋಡ್ಲಿ ಬುಡು. ಅವತ್ತೂ ಎಲ್ರೂ ನೋಡ್ತಿದ್ರು. ತಪ್ಪಾಯ್ತು ಕಣೇ ಭಾಗ್ಯ. ನೀನು ನಿಜಾನೇ ಹೇಳ್ತಿದ್ದೆ. ನಾನು ನಂಬ್ಲಿಲ್ಲ. ತಪ್ಪಾಯ್ತು."