ಮೆತ್ತಗಾದ ಮೆಟಡೋರ್

ಬಾಳೆಹೊಳೆಯಿಂದ ಕಳಸಕ್ಕೆ ಹೋಗುವ ರಸ್ತೆಯಲ್ಲಿ ದಾಮೋದರನ ವ್ಯಾನಿಗೆ ಕೈ ಅಡ್ಡ ಹಾಕದವರು ಕಡಿಮೆ. ಅದು ಹಳೆಯ ಡೀಸೆಲ್ ಮೆಟಡೋರ್. ಮೊದಲು ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿತ್ತು, ದಾಮೋದರ ಅಲ್ಲಿ ಡ್ರೈವರ್ ಆಗಿದ್ದ. ೧೯೯೨ರಲ್ಲಿ ಎಸ್ಟೇಟಿಗೆ ಹೊಸ ಜೀಪು ಬಂದಾಗ ಧಣಿಗಳಾದ ಚಂದ್ರಶೇಖರ ಗೌಡರು ಅವನನ್ನು ಕರೆದು, "ಇದು ಬೇರೆಯವರ ಕೈಗೆ ಸಿಕ್ಕಿದ್ರೆ ಮುಂದಿನ ಮಳೆಗಾಲಕ್ಕೆ ಗುಜರಿಗೆ ಹೋಗ್ತದೆ ದಾಮು. ನೀನೇ ಇಟ್ಕೋ" ಎಂದರು. ದಾಮೋದರ ಗಾಡಿಯನ್ನು ಬಾಳೆಹೊಳೆಯ ತನ್ನ ಮನೆಗೆ ತಂದ. ಅಂದಿನಿಂದ ಬೆಳಿಗ್ಗೆ ಶಾಲೆ ಮಕ್ಕಳನ್ನೂ ಪೇಟೆಗೆ ಹೋಗುವವರನ್ನೂ ಕಳಸಕ್ಕೆ ಮುಟ್ಟಿಸುವುದು, ಸಂಜೆ ವಾಪಸ್ ತರುವುದು ಅವನ ಕೆಲಸವಾಯಿತು.

ಆ ಗಾಡಿಯನ್ನು ಅವನು ನೋಡಿಕೊಳ್ಳುತ್ತಿದ್ದ ರೀತಿಯೇ ಬೇರೆ. ಅದರ ಇಂಜಿನ್ ಇರುವುದು ಒಳಗೆ, ಮುಂದಿನ ಎರಡು ಸೀಟುಗಳ ನಡುವೆ, ಒಂದು ತಗಡಿನ ಮುಚ್ಚಳದ ಕೆಳಗೆ. ಬೆಳಿಗ್ಗೆ ಎದ್ದವನೇ ಮುಚ್ಚಳ ಎತ್ತಿ ಬಟ್ಟೆಯಿಂದ ಒರೆಸುತ್ತಿದ್ದ. ಡೀಸೆಲ್ ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ನಿಂತ ನೀರನ್ನು ಬಿಡುತ್ತಿದ್ದ. ಚಳಿಯಲ್ಲಿ ಸೀದಾ ಸ್ಟಾರ್ಟ್ ಮಾಡುವಂತಿಲ್ಲ. ಕೀಲಿ ಅರ್ಧ ತಿರುಗಿಸಿ ಹಿಡಿದು, ಹೀಟರಿನ ಕಾಯಿಲ್ ಕೆಂಡದ ಹಾಗೆ ಕೆಂಪಾಗುವ ತನಕ ಕಾಯಬೇಕು. ಅವಸರ ಮಾಡಿದರೆ ಬ್ಯಾಟರಿ ಇಳಿಯುತ್ತದೆ, ಗಾಡಿ ಏಳುವುದಿಲ್ಲ. ಮಳೆ ಮುಗಿದ ಮೇಲೆ ಜಾಕ್ ಕೊಟ್ಟು ಎತ್ತಿ, ಅಡಿಗೆ ನುಗ್ಗಿ, ತುಕ್ಕು ಕೆರೆದು ಹಳೆಯ ಇಂಜಿನ್ ಆಯಿಲ್ ಬಳಿಯುತ್ತಿದ್ದ. ನೆಲದ ತಗಡು ತೂತಾದಲ್ಲಿ ತಾನೇ ಬೇರೆ ತುಂಡು ಕೂರಿಸಿ ರಿವಿಟ್ ಹೊಡೆಯುತ್ತಿದ್ದ. ಮಳೆಗಾಲದಲ್ಲಿ ಮಕ್ಕಳು ಒದ್ದೆ ಸಾಕ್ಸನ್ನು ಇಂಜಿನ್ ಮುಚ್ಚಳದ ಮೇಲೆ ಹರಡಿದರೆ ಬೇಡವೆನ್ನುತ್ತಿರಲಿಲ್ಲ. ಕಳಸ ಬರುವ ಹೊತ್ತಿಗೆ ಅವು ಒಣಗಿ, ಹೊಗೆಯ ವಾಸನೆ ಹಿಡಿದಿರುತ್ತಿದ್ದವು.

ಎಲ್ಲಕ್ಕಿಂತ ಹೆಚ್ಚಾಗಿ ಅವನು ಗಾಡಿಯನ್ನು ನೋಡುತ್ತಿದ್ದುದು ಕಿವಿಯಿಂದ. ಎಲ್ಲಿ ಸಡಿಲವಾಗಿದೆ, ಯಾವ ಬೇರಿಂಗ್ ಒಣಗಿದೆ, ಎಲ್ಲ ಅವನಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು.

೨೦೦೧ರಲ್ಲಿ ಚಿಕ್ಕಮಗಳೂರಿಗೆ ಒಯ್ದು ಇಂಜಿನ್ ಬಿಚ್ಚಿಸಿ, ಸವೆದ ಸಿಲಿಂಡರ್ ಬೋರ್ ಮಾಡಿಸಿದ. ಅದರ ನಂತರ ಗಾಡಿಯ ಸದ್ದು ಕಡಿಮೆಯಾಗುತ್ತ ಬಂತು. ವರ್ಷದಿಂದ ವರ್ಷಕ್ಕೆ ಮೆತ್ತಗಾಯಿತು. ಇಷ್ಟು ವರ್ಷ ಪಟ್ಟ ಪಾಡಿಗೆ ಈಗ ಫಲ ಬಂತು ಎಂದು ದಾಮೋದರನಿಗೆ ಒಳಗೊಳಗೇ ಹೆಮ್ಮೆ. ಕಳಸದಲ್ಲಿ ಗ್ಯಾರೇಜು ಇಟ್ಟಿದ್ದ ಗಿಡ್ಡಪ್ಪನ ಹತ್ತಿರ ಅವನು ಹೇಳುತ್ತಿದ್ದ, "ಹೊಸದರಲ್ಲೂ ಇಷ್ಟು ಮೆತ್ತಗಿರ್ಲಿಲ್ಲ ಮಾರಾಯ. ಹೊಲಿಗೆ ಮೆಷಿನ್ ಹಾಗೆ ಹೋಗ್ತದೆ."

ಪೇಟೆಯ ಆ ತುದಿಯಿಂದಲೇ ಅದರ ಗಡಗಡ ಕೇಳಿಸಿಕೊಂಡಿರುತ್ತಿದ್ದ ಗಿಡ್ಡಪ್ಪ ತಲೆ ತಗ್ಗಿಸಿ ನಟ್ಟು ಹುಡುಕುತ್ತ, "ನಿಮ್ಮ ಕೈಗುಣ ದಾಮಣ್ಣ" ಎನ್ನುತ್ತಿದ್ದ.

ಗಾಡಿ ಮಾತ್ರವಲ್ಲ, ಜನರೂ ಮೆತ್ತಗಾದರು ಎಂದೇ ದಾಮೋದರನಿಗೆ ಅನಿಸುತ್ತಿತ್ತು. ಮೊದಲೆಲ್ಲ ಇಳಿಯುವವರು ಹಿಂದಿನಿಂದಲೇ "ಇಳಿಯುದುಂಟು" ಎಂದು ಕೂಗುತ್ತಿದ್ದರು. ಈಗ ಎದ್ದು ಬಂದು ಹೆಗಲು ಮುಟ್ಟುತ್ತಿದ್ದರು. ಮಕ್ಕಳೂ ಹಾಗೆಯೇ. ಅದು ಅವನಿಗೆ ಹಿತವಾಗಿತ್ತು. ಮನೆಯಲ್ಲಿ ಹೆಂಡತಿ ಸೀತಮ್ಮ, ಮದುವೆಯಾದಾಗಿನಿಂದ ಅಡುಗೆಮನೆಯಲ್ಲಿ ನಿಂತು ಗೊಣಗುತ್ತಿದ್ದವಳು, ಈಗ ಏನಿದ್ದರೂ ಎದುರಿಗೆ ಬಂದು ಮುಖ ನೋಡಿ ಮಾತಾಡುತ್ತಿದ್ದಳು. ವಯಸ್ಸಾದಂತೆ ಇವಳಿಗೂ ಸಮಾಧಾನ ಬಂತು ಎಂದುಕೊಂಡ. ಅವಳೇನೂ ಗೊಣಗುವುದನ್ನು ಬಿಟ್ಟಿರಲಿಲ್ಲ.

ಇನ್ನೊಬ್ಬಳು ಪಾಪಮ್ಮ. ಕಳಸದ ಪೇಟೆಗೆ ವೀಳ್ಯದೆಲೆ, ಬಾಳೆಲೆ ಒಯ್ಯುತ್ತಿದ್ದ ಮುದುಕಿ. ಮೊದಲು ಹಿಂದಿನ ಬಾಗಿಲ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದವಳು ಒಂದು ದಿನ ಮುಂದಿನ ಸೀಟಿಗೆ ಬಂದಳು. "ಇಲ್ಲಿ ಕಾಲು ಬೆಚ್ಚಗಿರ್ತದೆ" ಎಂದಳು. ತಿರುವು ಬಂದಾಗೆಲ್ಲ ಅವನ ಕಣ್ಣಿಗೆ ಬೀಳುವಂತೆ ಕೈ ಎತ್ತಿ, "ಬಸ್ಸು ಬಂತು ನೋಡು" ಎನ್ನುತ್ತಿದ್ದಳು. "ನಂಗೆ ಕಾಣ್ತದೆ ಪಾಪಮ್ಮ" ಎಂದು ದಾಮೋದರ ನಗುತ್ತಿದ್ದ. ಪಾಪ, ಮುದುಕಿಗೆ ಹೆದರಿಕೆ ಶುರುವಾಗಿದೆ ಎಂದುಕೊಳ್ಳುತ್ತಿದ್ದ.

೨೦೦೪ರ ಮಳೆ ಬಿಟ್ಟ ಹೊಸದು. ರಸ್ತೆ ತುಂಬ ಗುಂಡಿಗಳು. ಒಂದು ಬೆಳಿಗ್ಗೆ ಮೋರಿಯ ಹತ್ತಿರ ಗಾಡಿ ದಡಕ್ಕೆಂದಿತು. ಅಲ್ಲಿಂದ ಮುಂದೆ ದಾಮೋದರನಿಗೆ ಎಲ್ಲ ವಿಚಿತ್ರವಾಗಿ ಕಂಡಿತು. ತೋಟದ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸರು ರಸ್ತೆ ಬದಿಗೆ ಸರಿದು ನಿಂತು ನೋಡಿದರು. ಒಂದು ದನ ಬೇಲಿ ಹಾರಿತು. ಅಂಗಡಿಯವರು ಹೊರಗೆ ಬಂದರು. ಇವತ್ತೇನು ಎಲ್ಲರಿಗೂ ನನ್ನ ಮೇಲೆ ಇಷ್ಟು ಪ್ರೀತಿ ಎಂದುಕೊಂಡು ಅವನು ಒಬ್ಬೊಬ್ಬರಿಗೂ ಕೈ ಎತ್ತಿದ. ಕನ್ನಡಿಯಲ್ಲಿ ನೋಡಿದರೆ ಮಕ್ಕಳೆಲ್ಲ ಎರಡು ಕೈಯಿಂದ ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ಏನೋ ಹೊಸ ಆಟವಿರಬೇಕು.

ಕಳಸದಲ್ಲಿ ಗಾಡಿ ನಿಲ್ಲಿಸುವ ಮೊದಲೇ ಗಿಡ್ಡಪ್ಪ ರಸ್ತೆಗೆ ಬಂದಿದ್ದ. ಅವನ ಬಾಯಿ ಆಡಿದ್ದು ಕಂಡಿತು.

"ಎಂತ?" ಎಂದ ದಾಮೋದರ.

"ಸೈಲೆನ್ಸರ್ ಎಲ್ಲಿ ಬೀಳ್ಸಿ ಬಂದ್ರಿ ದಾಮಣ್ಣ?" ಗಿಡ್ಡಪ್ಪ ಈ ಸಲ ಜೋರಾಗಿ ಕೇಳಿದ.

"ಎಂತ ಬೀಳುದು? ಇವತ್ತು ಬೆಣ್ಣೆ ಹಾಗೆ ಬಂದಿದೆ."

ಗಿಡ್ಡಪ್ಪ ಗಾಡಿಯ ಅಡಿಗೆ ಬೆರಳು ತೋರಿಸಿದ. ದಾಮೋದರ ಇಳಿದು ಬಗ್ಗಿ ನೋಡಿದ. ಪೈಪು ಇಂಜಿನ್ನಿನ ಬುಡದಲ್ಲೇ ಮುರಿದಿತ್ತು. ಸೈಲೆನ್ಸರ್ ಡಬ್ಬಿ ಒಂದು ತಂತಿಯಲ್ಲಿ ನೇತಾಡುತ್ತಿತ್ತು. ಪೈಪು ಹೀಗೆ ಮುರಿದ ಡೀಸೆಲ್ ಗಾಡಿ ಎಷ್ಟು ಅರಚುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ಎದ್ದು ನಿಂತು ಗಾಡಿಯ ಮೂತಿಯ ತಗಡಿನ ಮೇಲೆ ಅಂಗೈ ಇಟ್ಟ. ಅದು ಗದಗದ ನಡುಗುತ್ತಿತ್ತು. ಅವನಿಗೆ ಕೇಳಿದ್ದು ದೂರದಲ್ಲಿ ಯಾರೋ ಭತ್ತ ಕುಟ್ಟಿದಷ್ಟು ಸದ್ದು ಮಾತ್ರ.

ಮಕ್ಕಳು ಇಳಿದು ಶಾಲೆಗೆ ಹೋದರು. ಪಾಪಮ್ಮ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದಳು. ದಾಮೋದರ ಕೀಲಿ ತಿರುಗಿಸಿ ಇಂಜಿನ್ ಆಫ್ ಮಾಡಿ ಅವಳ ಎದುರಿಗೆ ಬಂದ.

"ಯಾವಾಗಿಂದ ಪಾಪಮ್ಮ?"

ಅವಳು ತಿಳಿಯದವಳಂತೆ ನಟಿಸಲಿಲ್ಲ. "ಎರಡು ಮಳೆಗಾಲ ಆಯ್ತು."

"ಎಲ್ರಿಗೂ ಗೊತ್ತುಂಟಾ?"

"ಗಾಡಿ ಹತ್ತುವವರಿಗೆ ಗೊತ್ತುಂಟು. ಅದಕ್ಕೇ ನಾನು ಮುಂದೆ ಕೂತದ್ದು. ಹಾರ್ನ್ ಕೇಳಿದ್ರೆ ಹೇಳ್ಲಿಕ್ಕೆ."

"ಬಾಯಿ ಬಿಟ್ಟು ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಗಾಡಿ ನಿಲ್ಲಿಸ್ತಿದ್ದೆ. ಮತ್ತೆ ಈ ಎಲೆ ಕಟ್ಟು ಯಾರು ಹೊರುದು, ನಿನ್ನಪ್ಪನಾ?" ಎಂದು ಪಾಪಮ್ಮ ಬುಟ್ಟಿ ತಲೆಗೇರಿಸಿದಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು, "ನಿನ್ನ ಮೋರೆ ನೋಡಿ ಹೇಳ್ಲಿಕ್ಕೆ ಆಗ್ಲಿಲ್ಲ ಮಾರಾಯ" ಎಂದು ಅವನ ತೋಳು ಮುಟ್ಟಿ ಹೋದಳು.

ಗಿಡ್ಡಪ್ಪ ಪೈಪಿಗೆ ಬೆಸುಗೆ ಹಾಕುವವರೆಗೂ ದಾಮೋದರ ಗ್ಯಾರೇಜಿನ ಕಲ್ಲಿನ ಮೇಲೆ ಕೂತಿದ್ದ. ಎರಡು ಮಳೆಗಾಲ. ಆ ತಿರುವುಗಳು, ಆ ಮಂಜು, ಹಿಂದೆ ಅಷ್ಟು ಮಕ್ಕಳು, ಅವರಿಗೆಲ್ಲ ಕಾವಲು ಒಬ್ಬ ಮುದುಕಿಯ ಕೈ. ಜನರು ತೋರಿದ ಪ್ರೀತಿಯನ್ನು ನೆನೆದರೆ ಎದೆ ತುಂಬುತ್ತಿತ್ತು. ಆದರೆ ಆ ಪ್ರೀತಿಯ ದೆಸೆಯಿಂದಲೇ ಒಂದು ದಿನ ಏನು ಬೇಕಾದರೂ ಆಗಬಹುದಿತ್ತು. ಸಂಜೆ ಮಕ್ಕಳನ್ನು ಮನೆಗೆ ಮುಟ್ಟಿಸಲು ಸೀತಮ್ಮನ ತಮ್ಮ, ಕಳಸದಲ್ಲಿ ಜೀಪು ಓಡಿಸುವ ನಿರಂಜನನಿಗೆ ಹೇಳಿದ. ಗಾಡಿಯ ಕೀಲಿಯನ್ನು ಗಿಡ್ಡಪ್ಪನ ಕೈಗೆ ಕೊಟ್ಟು, "ಮನೆ ತನಕ ನೀನೇ ಓಡಿಸು" ಎಂದ. ತನ್ನ ಗಾಡಿಯಲ್ಲಿ ಎಡಗಡೆ ಕೂತು ಅವನು ಹೋದದ್ದು ಅದೇ ಮೊದಲು.

ಸೀತಮ್ಮನಿಗೆ ನಡೆದದ್ದನ್ನು ಹೇಳಿದಾಗ ಅವಳು, "ನಂಗೆ ಗೊತ್ತುಂಟು. ಡಾಕ್ಟ್ರಿಗೆ ತೋರಿಸುವಾ" ಎಂದಳು. ದಾಮೋದರ ಬೇಡವೆಂದು ತಲೆಯಾಡಿಸಿದ. ಹುಡುಗನಾಗಿದ್ದಾಗಿನಿಂದ ಅವನಿಗೆ ಕಿವಿ ಸೋರುತ್ತಿತ್ತು. ಇನ್ನು ಇದು ಸರಿಹೋಗುವುದಲ್ಲ, ಗಾಡಿ ಕೊಟ್ಟುಬಿಡುತ್ತೇನೆ, ಯಾರಾದರೂ ಒಳ್ಳೆಯವರು ಸಿಗಲಿ ಎಂದ. ಗಾಡಿಗೆ ಟಾರ್ಪಾಲು ಹೊದಿಸಿ ಶೆಡ್ಡಿನಲ್ಲಿ ಬಿಟ್ಟ. ಆಮೇಲೆ ಆ ಕಡೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಏನು ಮಾಡುವುದೆಂದು ತಿಳಿಯದೆ ಒಂದೇ ಅಡಿಕೆ ಮರದ ಬುಡದ ಮಣ್ಣನ್ನು ಮತ್ತೆ ಮತ್ತೆ ಬಿಡಿಸುತ್ತಿದ್ದ.

ಕಾಫಿ ಹಣ್ಣಿನ ಕೊಯ್ಲು ಶುರುವಾಗಿತ್ತು. ಕೊಪ್ಪದ ಕಡೆಯವರೊಬ್ಬರು ಗಾಡಿ ನೋಡಲು ಬರುತ್ತೇನೆಂದು ಹೇಳಿ ಕಳಿಸಿದರು. ಇಷ್ಟು ದಿನ ನಿಂತ ಗಾಡಿ, ಬ್ಯಾಟರಿ ಸತ್ತಿರುತ್ತದೆ, ತೆಗೆದು ಚಾರ್ಜಿಗೆ ಕೊಡೋಣವೆಂದು ಅವನು ಟಾರ್ಪಾಲು ಸರಿಸಿ ಒಳಗೆ ಹತ್ತಿದ. ಅಭ್ಯಾಸದಿಂದ ಇಂಜಿನ್ ಮುಚ್ಚಳದ ಮೇಲೆ ಕೈ ಇಟ್ಟ. ಬೆಚ್ಚಗಿತ್ತು.

ಅವನು ಮುಚ್ಚಳ ಎತ್ತಿ ಇಂಜಿನ್ ಮುಟ್ಟಿ ನೋಡಿದ. ಆಮೇಲೆ ಅಡುಗೆಮನೆಗೆ ಹೋದ.

"ಗಾಡಿ ಯಾರು ಸ್ಟಾರ್ಟ್ ಮಾಡುದು?"

ಸೀತಮ್ಮ ಮೊಸರು ಕಡೆಯುವುದನ್ನು ನಿಲ್ಲಿಸಿ ಅವನತ್ತ ತಿರುಗಿದಳು. "ನಾನು. ನೀವು ಸ್ನಾನಕ್ಕೆ ಹೋದಾಗ. ದಿನಾ ಸ್ವಲ್ಪ ಹೊತ್ತು."

"ಹೀಟರ್ ಹಿಡಿದ್ಯಾ?"

"ಕೆಂಪಾಗುವ ತನಕ ಹಿಡಿತೇನೆ. ಇಷ್ಟು ವರ್ಷ ನೋಡಿದ್ದೇನಲ್ಲ."

"ಎಂತಕ್ಕೆ? ಕೊಡುವ ಗಾಡಿಗೆ."

"ನೀವು ಕೊಡುದಿಲ್ಲ ಅಂತ ನಂಗೆ ಗೊತ್ತುಂಟಲ್ಲ" ಎಂದಳು ಸೀತಮ್ಮ. "ಗಾಡಿಗೆ ಕೆಮ್ಮು ಬಂದ್ರೆ ಚಿಕ್ಕಮಗಳೂರಿಗೆ ಓಡ್ತೀರಿ. ನಿಮ್ಮ ಕಿವಿ ಎಂತ ಪಾಪ ಮಾಡಿದೆ? ಅದನ್ನೂ ಒಂದು ಸಲ ಬಿಚ್ಚಿಸಿ ನೋಡಿ."

ಮರುವಾರ ಇಬ್ಬರೂ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋದರು. ಕಿವಿಯ ಡಾಕ್ಟರು ಉಕ್ಕಿನ ಕವಲು ಕಡ್ಡಿಯೊಂದನ್ನು ತಮ್ಮ ಮೊಣಕೈಗೆ ಬಡಿದು ಅವನ ಕಿವಿಯ ಎದುರು ಹಿಡಿದರು. ಅವನಿಗೆ ಏನೂ ಕೇಳಲಿಲ್ಲ. ಮತ್ತೆ ಬಡಿದು ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ತಲೆಯೊಳಗೆ ದುಂಬಿ ಹೊಕ್ಕಂತೆ ಗುಂಯ್ ಎಂದಿತು. ದಾಮೋದರ ಬೆಚ್ಚಿ ಸೀತಮ್ಮನ ಮುಖ ನೋಡಿದ.

"ಇದು ಕೇಳ್ತದೆ ಡಾಕ್ಟ್ರೆ."

"ಒಳಗಿನ ಕಿವಿ ಚೆನ್ನಾಗಿದೆ. ಸದ್ದು ಒಳಗೆ ಹೋಗುವ ದಾರಿ ಕೆಟ್ಟಿದೆ, ಅಷ್ಟೆ."

"ಅಂದ್ರೆ ಫಿಲ್ಟರ್ ಕಟ್ಟಿದ ಹಾಗಾ? ಇಂಜಿನ್‌ಗೆ ಎಂತ ಆಗ್ಲಿಲ್ಲ?"

ಡಾಕ್ಟರು ನಕ್ಕರು. "ಹಾಗೇ ಅಂತ ಇಟ್ಕೊಳ್ಳಿ. ಆಪರೇಶನ್ ಆಮೇಲೆ ಯೋಚಿಸೋಣ. ಸದ್ಯಕ್ಕೆ ಮೆಷಿನ್ ಹಾಕಿದ್ರೆ ಸಾಕು."

ಮೆಷಿನ್ ಬಂದ ದಿನ ಅವನು ಅಂಗಳದಲ್ಲಿ ನಿಂತು ಅದನ್ನು ಕಿವಿಗೆ ಸಿಕ್ಕಿಸಿಕೊಂಡು, ಗಾಡಿ ಸ್ಟಾರ್ಟ್ ಮಾಡಲು ಸೀತಮ್ಮನಿಗೆ ಹೇಳಿದ. ಅವಳು ಹೀಟರ್ ಹಿಡಿದು, ಕಾದು, ಕೀಲಿ ತಿರುಗಿಸಿದಳು. ದಾಮೋದರ ಒಂದು ಹೆಜ್ಜೆ ಹಿಂದೆ ಸರಿದ. ಕಲ್ಲು ತುಂಬಿದ ಡಬ್ಬಿಯನ್ನು ಯಾರೋ ಕುಲುಕಿದ ಹಾಗಿತ್ತು. ಇಂಜಿನ್ನಿನೊಳಗೆ ಟ್ಯಾಪೆಟ್ ಕಟಕಟ ಎನ್ನುತ್ತಿತ್ತು, ಬಾಗಿಲುಗಳು ಒಂದೊಂದೂ ಒಂದೊಂದು ತಾಳ ಹಾಕುತ್ತಿದ್ದವು.

"ಇದು ನಮ್ದೇನಾ?" ಎಂದ. ಸ್ವಲ್ಪ ಹೊತ್ತು ಕೇಳಿ, "ಈ ಗಲಾಟೆಯಲ್ಲಿ ಇಷ್ಟು ದಿನ ಅವರೆಲ್ಲ ಹೇಗೆ ಕೂತ್ರು ಸೀತಾ?" ಎಂದು ಕೇಳಿದ.

"ನಿಮ್ಮನ್ನು ನೋಡಿ ಕೂತ್ರು" ಎಂದಳು ಅವಳು.

ಕೊಪ್ಪದವರಿಗೆ ಬರಬೇಡಿ ಎಂದು ಹೇಳಿ ಕಳಿಸಿದ. ಟ್ಯಾಪೆಟ್ ಸರಿಮಾಡಿದ, ಇಂಜಿನ್ ಕೂರುವ ರಬ್ಬರು ಬದಲಿಸಿದ, ಬಾಗಿಲಿನ ಸಂದುಗಳಿಗೆ ಹಳೆಯ ಟ್ಯೂಬಿನ ಪಟ್ಟಿ ಬಡಿದ. ಆದರೂ ಜನರನ್ನು ಹತ್ತಿಸಲಿಲ್ಲ. ಸೀತಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಖಾಲಿ ಗಾಡಿಯಲ್ಲಿ ಕಳಸಕ್ಕೆ ಹೋಗಿ ಬಂದ. ಹಾರ್ನ್ ಕೇಳಿದಾಗ ಅವನು ಎಡಗೈ ಎತ್ತಬೇಕು, ಅವಳು ಬಾಯಿ ಬಿಡಬಾರದು, ತಪ್ಪಿದ್ದನ್ನು ಮನೆಗೆ ಬಂದ ಮೇಲೆ ಹೇಳಬೇಕು ಎಂದು ಮಾತಾಗಿತ್ತು. ಮೊದಲ ದಿನ ಕೆಲವು ತಪ್ಪಿದವು. ಮೆಷಿನಿನ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಹದ ಮಾಡಿಕೊಂಡ. ಆಮೇಲೆ ತಪ್ಪುವುದು ಕಡಿಮೆಯಾಯಿತು. ಒಂದೂ ತಪ್ಪದ ದಿನ ಬಂದ ಮೇಲೂ ಇನ್ನೂ ಕೆಲವು ದಿನ ಹಾಗೆಯೇ ಓಡಿಸಿದ. "ನಂಗೆ ಸೊಂಟ ಹೋಯ್ತು, ಇನ್ನು ಬೇರೆಯವರನ್ನು ಕೂರಿಸಿ" ಎಂದು ಸೀತಮ್ಮ ಹಿಂದಿನಿಂದ ಗೊಣಗಿದಳು. ಅದೂ ಅವನಿಗೆ ಕೇಳಿಸಿತು.

ಜನವರಿಯ ಒಂದು ಬೆಳಿಗ್ಗೆ ಅವನು ಮತ್ತೆ ರಸ್ತೆಯಲ್ಲಿ ಗಾಡಿ ನಿಲ್ಲಿಸಿದ. ಮಕ್ಕಳು ಹತ್ತುತ್ತ ಅವನ ಕಿವಿಯನ್ನು ಬಗ್ಗಿ ಬಗ್ಗಿ ನೋಡಿದರು. ಅವನು ತಲೆ ತಿರುಗಿಸಿ ಎಲ್ಲರಿಗೂ ತೋರಿಸಿದ. ಪಾಪಮ್ಮ ಬುಟ್ಟಿ ತಂದು ಸೀದಾ ಮುಂದಿನ ಸೀಟಿಗೇ ಹತ್ತಿದಳು.

"ಇನ್ನು ಹಿಂದೆ ಕೂತ್ಕೊಳ್ಬಹುದು ಪಾಪಮ್ಮ."

"ಇಲ್ಲಿ ಕಾಲು ಬೆಚ್ಚಗಿರುದು ಸುಳ್ಳಲ್ಲ" ಎಂದಳು.

ಮಂಜು ಇನ್ನೂ ಹರಿದಿರಲಿಲ್ಲ. ಏರು ಮುಗಿದು ರಸ್ತೆ ಇಳಿಯುವಲ್ಲಿ, ಕೆಳಗಿನ ತಿರುವಿನಿಂದ ಬಸ್ಸಿನ ಹಾರ್ನ್ ಸಣ್ಣಗೆ ಕೇಳಿತು. ದಾಮೋದರ ವೇಗ ತಗ್ಗಿಸಿ, ಅಗಲವಿದ್ದ ಕಡೆ ಗಾಡಿಯನ್ನು ಬದಿಗೆ ನಿಲ್ಲಿಸಿದ. ಹತ್ತುವ ಗಾಡಿಗೆ ದಾರಿ ಬಿಡಬೇಕು. ಬಸ್ಸು ಇನ್ನೂ ಕಾಣುತ್ತಿರಲಿಲ್ಲ. ಪಕ್ಕದಿಂದ ಕೈ ಎದ್ದೀತೆಂದು ಅವನು ಓರೆಗಣ್ಣಿನಲ್ಲಿ ನೋಡಿದ. ಏಳಲಿಲ್ಲ. ಪಾಪಮ್ಮ ಕಾಲನ್ನು ಇಂಜಿನ್ ಮುಚ್ಚಳಕ್ಕೆ ತಾಗಿಸಿ, ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದಳು. ಇಂಜಿನ್ನಿನ ಸದ್ದಿನ ನಡುವೆ ಅವಳ ಗೊರಕೆ ಅವನಿಗೆ ಕೇಳಿಸಿತು. ಬಸ್ಸು ಹತ್ತಿ ಬಂದು ದಾಟಿ ಹೋಗುವ ತನಕ ಅವನು ಹಾರ್ನ್ ಮಾಡದೆ ಕಾದ.