ಸುದ್ದಿಹಾಳೆಯಲ್ಲಿ ತಪ್ಪಿದ ಒಂದು ಇನಿಷಿಯಲ್

ಸಿದ್ಧಾರ್ಥನಗರದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಪ್ರತಿ ತಿಂಗಳ ಕೊನೆಯ ಶನಿವಾರ ಮಕ್ಕಳ ಕೈಯಲ್ಲಿ ಮನೆಮನೆಗೆ ಹೋಗುವ ಸುದ್ದಿಹಾಳೆಯ ಕೆಲಸವೂ ನನ್ನದೇ. ಎರಡೂ ಬದಿ ಜೆರಾಕ್ಸ್ ಮಾಡಿದ ಒಂದೇ ಹಾಳೆ. ಪರೀಕ್ಷೆ ಯಾವಾಗ, ಪೋಷಕರ ಸಭೆ ಯಾವತ್ತು, ಸೈಕಲ್ ಸ್ಟ್ಯಾಂಡಿನ ಗೇಟಿಗೆ ಎಷ್ಟು ಹೊತ್ತಿಗೆ ಬೀಗ, ಯಾರಿಗೆ ಯಾವುದರಲ್ಲಿ ಬಹುಮಾನ ಬಂತು, ಇಷ್ಟೇ ಅದರಲ್ಲಿರುವುದು. ವಾಟ್ಸಾಪ್ ಗುಂಪೂ ಇದೆ. ಆದರೆ ನಮ್ಮ ಮಕ್ಕಳ ಮನೆಗಳಲ್ಲಿ ಹಗಲೆಲ್ಲ ಫೋನು ಅಪ್ಪನ ಜೇಬಿನಲ್ಲಿರುತ್ತದೆ, ಅಪ್ಪ ಕೆಲಸದ ಮೇಲಿರುತ್ತಾರೆ. ಮನೆಯಲ್ಲಿರುವ ಅಮ್ಮನಿಗೂ ಅಜ್ಜಿಗೂ ಏನೂ ತಿಳಿಯುವುದಿಲ್ಲ. ಅದಕ್ಕೇ ಕಾಗದ ಬಿಡಬೇಡಿ ಎಂದು ನಮ್ಮ ಹೆಡ್‌ಮಿಸ್ ಹಟ ಹಿಡಿದಿದ್ದರು. "ಭಾಷೆ ನಿಮ್ಮದು, ಹಾಳೆಯೂ ನಿಮ್ಮದೇ" ಎಂದು ನನಗೆ ಒಪ್ಪಿಸಿಬಿಟ್ಟಿದ್ದರು.

ನಿಜ ಹೇಳಬೇಕೆಂದರೆ ಅದನ್ನು ನಾನು ಆಗ ಅಷ್ಟು ಮನಸ್ಸಿಟ್ಟು ಮಾಡುತ್ತಿರಲಿಲ್ಲ. ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಹಿಂದಿನ ತಿಂಗಳ ಹಾಳೆಯ ಮೇಲೆಯೇ ತಾರೀಖು ಬದಲಿಸಿ, ಅರ್ಧ ಗಂಟೆಯಲ್ಲಿ ಮುಗಿಸಿ ಬಸ್ಸು ಹಿಡಿಯುತ್ತಿದ್ದೆ. ನನ್ನ ಮನೆ ಊರಿನ ಇನ್ನೊಂದು ತುದಿಯ ಕುಂಬಾರಕೊಪ್ಪಲಿನಲ್ಲಿ. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಆ ಬಸ್ಸು ತಪ್ಪಿದರೆ ಮನೆ ಸೇರುವಷ್ಟರಲ್ಲಿ ಸಾಕಾಗಿರುತ್ತದೆ.

ಆ ವರ್ಷ ಒಂಬತ್ತನೇ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗಿಯರಿದ್ದರು. ಹೆಸರು ಇಲ್ಲಿ ಬೇಡ. ಒಬ್ಬಳ ಇನಿಷಿಯಲ್ ಎಂ, ಇನ್ನೊಬ್ಬಳದು ಎನ್. ಎಂ ಇನಿಷಿಯಲ್ಲಿನವಳ ತಂದೆ ಶಾಲೆಯ ಹತ್ತಿರವೇ ಹಾಲಿನ ಬೂತ್ ಇಟ್ಟುಕೊಂಡಿದ್ದರು. ಆ ಹುಡುಗಿ ಪಟಪಟನೆ ಮಾತಾಡುವವಳು. ಎನ್ ಇನಿಷಿಯಲ್ಲಿನವಳು ನಮ್ಮ ಬೀದಿಯವಳೇ. ಅವರ ಹಿರಿಯರು ಮಡಕೆ ಮಾಡುತ್ತಿದ್ದವರು. ಅವಳ ಅಪ್ಪ ಈಗ ಮನೆಗಳಿಗೆ ಟೈಲ್ಸ್ ಹಾಕುತ್ತಾರೆ, ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಮನೆಯ ಯಜಮಾನಿಕೆ ಅಜ್ಜಿಯದು. "ಟೀಚರಮ್ಮ ಇರೋ ಸ್ಕೂಲಿಗೇ ಹೋಗ್ಲಿ" ಎಂದು ಅಜ್ಜಿಯೇ ಅವಳನ್ನು ಎಂಟನೇ ತರಗತಿಗೆ ಅಷ್ಟು ದೂರ ನನ್ನ ಜೊತೆ ಕಳಿಸಿದ್ದರು. ದಿನಾ ನನ್ನ ಪಕ್ಕದಲ್ಲೇ ಕೂತು ಬರುತ್ತಿದ್ದಳು. ಎರಡು ಬಸ್ಸಿನ ದಾರಿಯಲ್ಲಿ ನಾಲ್ಕು ಮಾತಾಡಿದರೆ ಹೆಚ್ಚು. ತರಗತಿಯಲ್ಲೂ ಅಷ್ಟೇ. ಮೊದಲ ಸಾಲೂ ಅಲ್ಲ, ಕೊನೆಯ ಸಾಲೂ ಅಲ್ಲ. ಕೇಳಿದರೆ ಉತ್ತರ ಹೇಳುವಳು, ಕೇಳದಿದ್ದರೆ ಇಲ್ಲ.

ಜಿಲ್ಲಾ ಮಟ್ಟದ ಭಾಷಣ ಸ್ಪರ್ಧೆಯಲ್ಲಿ ಹಾಲಿನ ಬೂತಿನವರ ಮಗಳಿಗೆ ಎರಡನೇ ಬಹುಮಾನ ಬಂತು. ಪ್ರಮಾಣಪತ್ರ ಆಮೇಲೆ ಕಳಿಸುತ್ತೇವೆ ಎಂದಿದ್ದರು, ಬಂದಿರಲಿಲ್ಲ. ಕೆರೆಗಳ ಬಗ್ಗೆ ಅವಳ ಭಾಷಣ. ತರಗತಿಯಲ್ಲಿ ಎಲ್ಲರ ಮುಂದೆ ಎಷ್ಟೋ ಸಲ ಅಭ್ಯಾಸ ಮಾಡಿಸಿದ್ದೆ. ಆ ಶುಕ್ರವಾರ ಸುದ್ದಿಹಾಳೆಯಲ್ಲಿ ಬಹುಮಾನದ ಸುದ್ದಿ ಟೈಪ್ ಮಾಡುವಾಗ ಬೆರಳು ತಾನಾಗಿಯೇ ಎನ್ ಒತ್ತಿತು. ದಿನಾ ಪಕ್ಕದಲ್ಲಿ ಕೂರುವವಳ ಇನಿಷಿಯಲ್. ನಾನು ತಿರುಗಿ ಓದಲೂ ಇಲ್ಲ.

ಶನಿವಾರ ಮಧ್ಯಾಹ್ನ ಹಾಳೆ ಮನೆಗಳಿಗೆ ಹೋಯಿತು. ಭಾನುವಾರ ಬೆಳಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ನಮ್ಮತ್ತೆ ಕೂಗಿದರು. ಬಾಗಿಲಲ್ಲಿ ಆ ಅಜ್ಜಿ. ಒಗೆದ ಸೀರೆ ಉಟ್ಟು, ತಟ್ಟೆಯ ತುಂಬ ಒಬ್ಬಟ್ಟು ಹಿಡಿದು ನಿಂತಿದ್ದರು.

"ತಗೊಳ್ಳಿ ಟೀಚರಮ್ಮ. ಮೊದ್ಲು ನಿಮ್ಮನೆಗೇ ಕೊಡ್ಬೇಕು ಅಂತಿದ್ದೆ, ದಾರೀಲಿ ಸಿಕ್ಕೋರೆಲ್ಲ ಕೈ ಹಾಕ್ಬುಟ್ರು."

"ಏನಜ್ಜಿ ವಿಶೇಷ?" ಎಂದೆ.

"ಏನು ವಿಶೇಷ ಅಂತ ನೀವೇ ಕೇಳ್ತೀರಲ್ಲ! ನೀವೇ ಬರ್ದಿರೋದು. ಭಾಷಣದಲ್ಲಿ ಪ್ರೈಜು ಬಂದೈತಂತೆ ನಮ್ ಹುಡ್ಗೀಗೆ. ನಾನೇ ಬೆರಳಿಟ್ಕಂಡು ಓದ್ದೆ. ಮನೇಲಿ ಬಾಯೇ ಬುಡಲ್ಲ ಕಣಮ್ಮ ಅದು, ಅಲ್ಲೋಗಿ ಭಾಷಣ ಮಾಡೈತೆ ನೋಡಿ!"

ನನ್ನ ಕೈಯಲ್ಲಿ ಸೋಪಿನ ನೊರೆ ಇತ್ತು. ಒಳಗೆ ಹೋಗಿ ಚೀಲದಿಂದ ಹಾಳೆ ತೆಗೆದು ನೋಡುವ ಮೊದಲೇ ಏನಾಗಿದೆ ಎಂದು ಗೊತ್ತಾಯಿತು. ಅಜ್ಜಿ ಇನ್ನೂ ಹೇಳುತ್ತಲೇ ಇದ್ದರು. ನಿನ್ನೆ ಸಾಯಂಕಾಲ ಅಕ್ಕಪಕ್ಕದವರನ್ನೆಲ್ಲ ಕರೆದು, ಮೊಮ್ಮಗಳನ್ನು ಜಗಲಿಯ ಮೇಲೆ ನಿಲ್ಲಿಸಿ, "ಅದೇನು ಹೇಳ್ದೆ ಅಲ್ಲಿ, ನಮ್ಗೂ ಹೇಳು" ಎಂದರಂತೆ. ಅವಳು ಹೇಳಿದಳಂತೆ. ಕೆರೆ ಬಗ್ಗೆ. ಎದುರುಮನೆಯವರು ಚಪ್ಪಾಳೆ ತಟ್ಟಿದರಂತೆ.

ಆಗಲೇ ನಿಜ ಹೇಳಬೇಕಿತ್ತು. ಅದರ ಬದಲು ತಟ್ಟೆ ತೊಳೆದು, ಖಾಲಿ ಕೊಡಬಾರದೆಂದು ಎರಡು ಬಾಳೆಹಣ್ಣು ಇಟ್ಟು ವಾಪಸ್ ಕೊಟ್ಟೆ. ಒಬ್ಬಟ್ಟನ್ನು ಮನೆಯವರೆಲ್ಲ ತಿಂದರು, ಚೆನ್ನಾಗಿದೆ ಎಂದರು. ನಾನು ಮುಟ್ಟಲಿಲ್ಲ.

ಸೋಮವಾರ ಬಸ್ಸಿನಲ್ಲಿ ಹುಡುಗಿ ನನ್ನ ಪಕ್ಕ ಕೂರಲಿಲ್ಲ. ಸೀಟು ಖಾಲಿಯಿದ್ದರೂ ಹಿಂದೆ ಕಂಬಿ ಹಿಡಿದು ನಿಂತಿದ್ದಳು. ಶಾಲೆಯ ಗೇಟಿನಲ್ಲಿ ಹಾಲಿನ ಬೂತಿನವರು ಕಾಯುತ್ತಿದ್ದರು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಸುದ್ದಿಹಾಳೆ.

"ಮಿಸ್, ಒಂದ್ನಿಮಿಷ. ಬೇಜಾರ್ ಮಾಡ್ಕೊಬೇಡಿ," ಎಂದು ಶುರು ಮಾಡಿದರು. "ನನ್ ಮಗಳು ಪ್ರೈಜು ಬಂತು ಅಂದ್ಳು. ನಾನು ಬೂತಿಗೆ ಬರೋರಿಗೆಲ್ಲ ಹೇಳ್ಕೊಂಡೆ. ನಿನ್ನೆ ಒಬ್ರು ಈ ಪೇಪರ್ ತಂದು, ಇನಿಷಿಯಲ್ ಬೇರೆ ಐತಲ್ಲಪ್ಪ, ನಿನ್ ಮಗಳಲ್ಲ ಇದು ಅಂದ್ರು. ಮನೇಗೋಗಿ ಕೇಳ್ದೆ. ಸ್ವಲ್ಪ ಜೋರಾಗೇ ಕೇಳ್ದೆ, ಸುಳ್ಳು ಹೇಳಿದ್ಯಾ ಅಂತ. ಆಗ್ಲಿಂದ ಮಾತಾಡ್ತಿಲ್ಲ ಅವಳು. ನೀವೊಂದು ಮಾತು ಹೇಳ್ಬುಡಿ ಮಿಸ್. ಯಾರಿಗೆ ಬಂದಿರೋದು?"

ಭಾನುವಾರವೆಲ್ಲ ನಾನು ಅಜ್ಜಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆನೇ ಹೊರತು, ಇನ್ನೊಂದು ಮನೆಯಲ್ಲಿ ಹೀಗಾಗಿರಬಹುದು ಎಂದು ಹೊಳೆದೇ ಇರಲಿಲ್ಲ. "ನಿಮ್ಮ ಮಗಳಿಗೇ ಬಂದಿರೋದು. ತಪ್ಪು ನಂದು. ನಾನೇ ತಪ್ಪು ಟೈಪ್ ಮಾಡಿದ್ದು" ಎಂದೆ.

ಅವರ ಮುಖದಲ್ಲಿ ಮೊದಲು ಸಮಾಧಾನ ಕಂಡಿತು, ಹಿಂದೆಯೇ ಸಂಕಟ. "ಛೇ, ಸುಮ್ನೆ ಬೈದ್ಬುಟ್ಟೆ" ಎಂದರು. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುತ್ತೇನೆ, ಬೂತಿನಲ್ಲಿ ಅಂಟಿಸಿ ಎಂದೆ. ಬೇಡ ಎಂದರು. "ಗಿರಾಕಿಗಳಿಗೆ ನಾನ್ ಹೇಳ್ಕೋತೀನಿ. ಮೊದ್ಲು ಅವಳ್ನ ಕರೀರಿ, ನಿಮ್ಮೆದುರಿಗೇ ಸಾರಿ ಕೇಳ್ತೀನಿ."

ಮಗಳನ್ನು ಕರೆಸಿದೆ. ಆತ ಅಂಗಳದಲ್ಲೇ, ಓಡಾಡುವ ಮಕ್ಕಳ ನಡುವೆ ನಿಂತು, "ತಪ್ಪಾಯ್ತು ಕಣಮ್ಮ, ನಿನ್ ಮಾತು ನಂಬ್ಬೇಕಿತ್ತು" ಎಂದರು. ಅವಳು ಸುತ್ತ ನೋಡಿದಳು. ಆಮೇಲೆ, "ಅಪ್ಪ, ಎಲ್ಲಾರೂ ನೋಡ್ತವ್ರೆ, ನೀನ್ ಹೋಗು" ಎಂದು ಅವರನ್ನು ಗೇಟಿನವರೆಗೆ ತಳ್ಳಿಕೊಂಡು ಹೋದಳು. ಗೇಟಿನ ಹತ್ತಿರ ಇಬ್ಬರೂ ನಗುತ್ತಿದ್ದುದು ಕಾಣಿಸಿತು.

ಊಟದ ಬಿಡುವಿನಲ್ಲಿ ನಮ್ಮ ಬೀದಿಯ ಹುಡುಗಿಯನ್ನು ಹುಡುಕಿಕೊಂಡು ಹೋದೆ. ಕೈತೊಳೆಯುವ ನಲ್ಲಿಯ ಹತ್ತಿರ ಸಿಕ್ಕಳು. ನಾನು ಬಾಯಿ ತೆಗೆಯುವ ಮೊದಲೇ ಅವಳ ಕಣ್ಣು ತುಂಬಿತು.

"ಶನಿವಾರಾನೇ ನೋಡ್ದೆ ಮಿಸ್. ಅಜ್ಜಿಗೆ ಹೇಳೋಣ ಅಂತ ಹೋದೆ, ಅಷ್ಟೊತ್ತಿಗೆ ಅವರು ಎದುರುಮನೆಗೆ ಹೋಗ್ಬುಟ್ಟಿದ್ರು. ಆಮೇಲೆ ಎಲ್ರೂ ಬಂದ್ರು. ಹೇಳು ಹೇಳು ಅಂದ್ರು. ಅವಳು ಕ್ಲಾಸಲ್ಲಿ ಹೇಳೋದು ಕೇಳಿ ಕೇಳಿ ನಂಗೆ ಬಾಯಿಪಾಠ ಆಗಿತ್ತು. ಹೇಳ್ಬುಟ್ಟೆ."

"ಪೂರ್ತಿ ಹೇಳಿದ್ಯಾ?"

"ಹ್ಞೂಂ. ಬೆಳಗ್ಗೆ ಅವಳಿಗೂ ಹೇಳ್ದೆ, ನಿನ್ ಭಾಷಣ ನಾನ್ ಹೇಳ್ಬುಟ್ಟೆ ಕಣೇ, ಸಾರಿ ಅಂತ. ಅವಳು ಬೈತಾಳೆ ಅಂದ್ಕೊಂಡಿದ್ದೆ. ಕೊನೇಲಿ ಕೈ ಎತ್ತಿ ಹೇಳೋದೈತಲ್ಲ, ಅದೂ ಮಾಡಿದ್ಯಾ ಅಂತ ಕೇಳಿದ್ಳು."

"ಮಾಡಿದ್ಯಾ?"

"ಮಾಡ್ದೆ ಮಿಸ್" ಎಂದಳು. ಅಳುತ್ತಲೇ ಸಣ್ಣಗೆ ನಕ್ಕಳು.

ಅವತ್ತು ಸಾಯಂಕಾಲ ಬಸ್ಸಿಳಿದು ನೇರ ಅವರ ಮನೆಗೇ ಹೋದೆ. ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹುಡುಗಿ ಬಾಗಿಲ ಸಂದಿಯಲ್ಲಿ ನಿಂತಳು. ನಾನು ಸುತ್ತುಬಳಸದೆ ಹೇಳಿದೆ. ಬಹುಮಾನ ಬಂದಿದ್ದು ಅದೇ ಹೆಸರಿನ ಇನ್ನೊಬ್ಬ ಹುಡುಗಿಗೆ, ಒಂದಕ್ಷರ ನಾನು ತಪ್ಪು ಹಾಕಿದೆ, ನಿಮ್ಮ ಮೊಮ್ಮಗಳದೇನೂ ತಪ್ಪಿಲ್ಲ, ನಿನ್ನೆಯೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ.

ಅಜ್ಜಿ ಒಂದೆರಡು ಕಾಯಿ ಸುಲಿದರು. ನನ್ನ ಮುಖ ನೋಡಲಿಲ್ಲ.

"ಅಂಗಾದ್ರೆ ಮೊನ್ನೆ ಇದೇ ಜಗಲಿ ಮೇಲೆ ನಿಂತ್ಕಂಡು ಮಾತಾಡಿದ್ದು ಯಾರು?" ಎಂದರು.

"ಇವಳೇ ಅಜ್ಜಿ. ಆದರೆ ಭಾಷಣ..."

"ಯಾರದಾದ್ರೂ ಆಗ್ಲಿ ಟೀಚರಮ್ಮ. ಮಾತಾಡಿದ್ದು ಇವಳು ತಾನೆ? ನಾನು ನನ್ ಕಿವೀಲೇ ಕೇಳಿವ್ನಿ. ಇವಳ ಬಾಯಿಂದ ಅಷ್ಟೊಂದು ಮಾತು ಬಂದಿದ್ದು ಹುಟ್ಟಿದ್ಮೇಲೆ ಅವತ್ತೇಯ." ಇನ್ನೊಂದು ಕಾಯಿ ಕೈಗೆತ್ತಿಕೊಂಡು, ದನಿ ತಗ್ಗಿಸಿ, "ಎಂಟ್ನೇ ಕ್ಲಾಸಿಂದ ನಿಮ್ ಕಾಗ್ದ ಬರ್ತಾ ಐತೆ. ಪ್ರತಿ ಸಲಾನೂ ಓದ್ತೀನಿ. ಇವಳ ಹೆಸರು ಒಂದ್ ದಪಾನೂ ಬಂದಿರ್ಲಿಲ್ಲ. ಬರ್ಲಿಲ್ಲ ಅಂತ ನಾನೇನು ನಿಮ್ಮನ್ನ ಕೇಳಿದ್ನಾ? ಬಂತಲ್ಲ ಅಂತ ಕುಣಿದ್ಬುಟ್ಟೆ, ಅಷ್ಟೇಯ" ಎಂದರು.

ಒಂದೂವರೆ ವರ್ಷ ಪಕ್ಕದಲ್ಲಿ ಕೂತು ಬಂದವಳ ಬಗ್ಗೆ ಬರೆಯುವುದಕ್ಕೆ ನನಗೆ ಒಂದು ಸಾಲು ಸಿಕ್ಕಿರಲಿಲ್ಲ. ಹುಡುಕಿಯೂ ಇರಲಿಲ್ಲ.

ಬೀದಿಯವರಿಗೆ ನಾನೇ ಹೇಳಲೇ ಎಂದು ಕೇಳಿದೆ. ಅಜ್ಜಿ ಈಗ ತಲೆಯೆತ್ತಿ ನಕ್ಕರು. "ನೀವ್ಯಾಕೆ? ನಾನೇ ಹೇಳ್ತೀನಿ. ಒಬ್ಬಟ್ಟೇನು ವಾಪಸ್ ಕೇಳಕ್ಕಾಯ್ತದಾ? ತಿಂದೋರು ತಿಂದ್ರು. ಕೂತ್ಕಳಿ, ಕಾಫಿ ಕುಡ್ಕಂಡು ಹೋಗಿ." ಆ ಕಾಫಿಗೆ ಸಕ್ಕರೆ ಜಾಸ್ತಿಯಾಗಿತ್ತು. ಆದರೂ ಲೋಟ ಖಾಲಿ ಮಾಡಿ, ಎರಡು ದಿನದಲ್ಲಿ ಮೊದಲ ಸಲ ಹಗುರವಾಗಿ ಮನೆಗೆ ನಡೆದೆ.

ತಿಂಗಳ ಕೊನೆಯವರೆಗೆ ಕಾಯದೆ, ಮರುದಿನವೇ ಅರ್ಧ ಹಾಳೆಯ ತಿದ್ದುಪಡಿ ಕಳಿಸಿದೆ. "ಕಳೆದ ಸಂಚಿಕೆಯಲ್ಲಿ ಆದ ತಪ್ಪು ಬರೆದವರದು, ಮಕ್ಕಳದಲ್ಲ" ಎಂದು ಮೇಲೆಯೇ ಹಾಕಿದ್ದೆ. ಹೆಡ್‌ಮಿಸ್ ಓದಿ, "ಇಷ್ಟು ಸಾಕು, ಇನ್ನು ಕೊರಗಬೇಡಿ" ಎಂದರು.

ಮುಂದಿನ ಸುದ್ದಿಹಾಳೆಯ ಹೊತ್ತಿಗೆ ನನಗೆ ಹೆಸರು ಟೈಪ್ ಮಾಡಲೇ ಹೆದರಿಕೆಯಾಗಿತ್ತು. ಬಸ್ಸಿನಲ್ಲಿ ಅದನ್ನು ಗೊಣಗಿಕೊಂಡಾಗ ಈಗ ಮತ್ತೆ ಪಕ್ಕದಲ್ಲೇ ಕೂರುತ್ತಿದ್ದ ಹುಡುಗಿ, "ಹೆಸರೆಲ್ಲ ನಾನ್ ನೋಡ್ಲಾ ಮಿಸ್?" ಎಂದಳು. ತಾನಾಗಿ ಅವಳು ಕೇಳಿದ ಮೊದಲ ಮಾತೇ ಅದಿರಬೇಕು. ಸರಿ, ನೋಡು ಎಂದು ಕರಡು ಕೊಟ್ಟೆ. ಹಾಜರಿ ಪುಸ್ತಕಕ್ಕೆ ಹೋಲಿಸಿ ಕೊಡುತ್ತಾಳೆ ಎಂದುಕೊಂಡಿದ್ದೆ. ಅವಳು ಅಷ್ಟಕ್ಕೆ ಬಿಡಲಿಲ್ಲ. ಪಟ್ಟಿ ಹಿಡಿದು ಎಂಟನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಒಂದೊಂದೇ ಬಾಗಿಲಲ್ಲಿ ನಿಂತು, "ಮೇ ಐ ಕಮಿನ್ ಸರ್" ಎಂದು ಕೇಳಿ, ಹೆಸರಿದ್ದವರನ್ನು ಎಬ್ಬಿಸಿ, "ನಿನ್ ಇನಿಷಿಯಲ್ ಏನು, ದೀರ್ಘಾನಾ ಹ್ರಸ್ವಾನಾ" ಎಂದು ವಿಚಾರಿಸಿಕೊಂಡು ಬಂದಳು. ಎರಡು ವರ್ಷದಿಂದ ನಾವು ತಪ್ಪಾಗಿ ಬರೆಯುತ್ತಿದ್ದ ಒಬ್ಬ ಹುಡುಗನ ಹೆಸರು ಅವತ್ತು ಸರಿಹೋಯಿತು. ಅವನು ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ.

ಹೆಸರಿನ ಜೊತೆಗೆ ಅವಳು ಸುದ್ದಿಯನ್ನೂ ತರತೊಡಗಿದಳು. ಎಂಟನೇ ತರಗತಿಯ ಒಬ್ಬಳು ಜ್ವರದಲ್ಲಿದ್ದ ಗೆಳತಿಗಾಗಿ ಹತ್ತು ದಿನದ ನೋಟ್ಸು ಬರೆದುಕೊಟ್ಟದ್ದು, ಹತ್ತನೇ ತರಗತಿಯ ಹುಡುಗರು ತಾವಾಗಿ ನೀರಿನ ಟ್ಯಾಂಕಿನ ಸುತ್ತಲ ಕೆಸರಿಗೆ ಇಟ್ಟಿಗೆ ಹಾಸಿದ್ದು. ನನಗೆ ಸ್ಟಾಫ್ ರೂಮಿನಲ್ಲಿ ಕೂತು ತಿಳಿಯುವಂಥವಲ್ಲ ಅವು. ಹಾಳೆಯ ಹಿಂಬದಿಯ ಅರ್ಧವನ್ನು ಅದಕ್ಕೇ ಬಿಟ್ಟೆ. ಅವಳ ಬಗ್ಗೆಯೂ ಒಂದು ಸಾಲು ಬರೆದಿದ್ದೆ. ಕರಡಿನಲ್ಲೇ ಅದರ ಮೇಲೆ ಗೆರೆ ಎಳೆದು ತಂದಳು. "ಇದು ಬೇಡ ಮಿಸ್. ಕೆಳಗೆ, ಹೆಸರು ನೋಡಿದವರು ಅಂತ ಹಾಕಿ, ಸಾಕು." ಹಾಗೆಯೇ ಹಾಕಿದೆ. ಆ ಸಲ ಅಜ್ಜಿ ಒಬ್ಬಟ್ಟು ಮಾಡಲಿಲ್ಲ. ಇನಿಷಿಯಲ್ ಸರಿಯಾಗಿದೆಯೇ ಎಂದು ಮೊದಲು ಸೊಸೆಯ ಕೈಯಲ್ಲಿ ಓದಿಸಿದರಂತೆ.

ವರ್ಷದ ಕೊನೆಯ ಪೋಷಕರ ಸಭೆಗೆ ಅಜ್ಜಿ ಎರಡು ಬಸ್ಸು ಬದಲಿಸಿಕೊಂಡು ತಾವೇ ಬಂದರು. ಹಾಲಿನ ಬೂತಿನವರೂ ಬಂದಿದ್ದರು. ಅಷ್ಟರಲ್ಲಿ ಪ್ರಮಾಣಪತ್ರ ಬಂದಿತ್ತು. ಆತ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೊತೆಗೇ ತಂದಿದ್ದರು. ಅಜ್ಜಿ ಕೈಚಾಚಿ ಇಸಿದುಕೊಂಡು, ಹೆಸರಿನ ಮೇಲೆ ಬೆರಳಾಡಿಸಿ ಓದಿದರು. "ನಿಮ್ ಮಗಳ್ ಪ್ರೈಜಿಗೆ ನಮ್ ಬೀದಿಯೋರೆಲ್ಲ ಒಬ್ಬಟ್ಟು ತಿಂದವ್ರೆ ಕಣಪ್ಪ" ಎಂದರು.

"ನಂಗೊಂದೂ ಬರ್ಲಿಲ್ವಲ್ಲ ಅಜ್ಜಿ" ಎಂದರು ಆತ.

"ಬಾ, ಮಾಡ್ಕೊಡ್ತೀನಿ. ಹಾಲು ನೀನ್ ತಗಂಡ್ ಬಾ" ಎಂದರು ಅಜ್ಜಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಸಭೆ ಶುರುವಾದ ಮೇಲೂ ಪಿಸುಪಿಸು ಮಾತಾಡುತ್ತಿದ್ದರು. ಹೆಡ್‌ಮಿಸ್ ಮೈಕಿನಲ್ಲೇ ಎರಡು ಸಲ "ಸ್ವಲ್ಪ ನಿಶ್ಶಬ್ದ" ಎನ್ನಬೇಕಾಯಿತು.